ಕತ್ತರಿ ನನ್ನ ಕೈಯಲ್ಲೇ ಇರಲಿ

ಜನವರಿ 8

ನಮ್ಮ ನರ್ಸಮ್ಮನಿಗೆ ಚಿಕ್ಕಪ್ಪನ ಆಶೀರ್ವಾದ.

ನಾನು ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಂದೇ ಒಂದು ಸಂಗತಿಯನ್ನೂ ಮರೆತವನಲ್ಲ. ಹುಟ್ಟಿದ ದಿನ ಸೂಲಗಿತ್ತಿ ತೊಟ್ಟಿದ್ದ ರವಿಕೆಯ ಬಣ್ಣ ಕೂಡ ನೆನಪಿದೆ. ಹಸಿರು. ತೋಳಿನ ಹೊಲಿಗೆ ಸೊಟ್ಟಗಿತ್ತು. ಅದನ್ನು ನೋಡಿಯೇ ನಾನು ಅತ್ತದ್ದು. ಮಗುವಿಗೆ ಹಸಿವು ಅಂತ ಎಲ್ಲರೂ ತಪ್ಪು ತಿಳಿದರು.

ಇಂಥವನಿಗೆ ನೀನು ನೆನಪಿನ ಕಸರತ್ತು ಬರೆದು ಕಳಿಸಿದ್ದೀಯ. ವಾರಕ್ಕೊಂದು ಪತ್ರ, ಕೈಯಾರೆ ಬರೆಯಬೇಕು, ಫೋನ್ ಮಾಡಿ ಜಾರಿಕೊಳ್ಳುವಂತಿಲ್ಲ. ದಿನಕ್ಕೊಮ್ಮೆ ಕುರ್ಚಿಯಲ್ಲಿ ಕೂತು ನೂರರಿಂದ ಏಳೇಳು ಕಳೆಯುತ್ತಾ ಬರಬೇಕು. ಕೋಪ ಬಂದಾಗ ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡಬೇಕು. ನಾನು ಓದಿದ್ದು ಹಳ್ಳಿ ಶಾಲೆಯ ನಾಲ್ಕನೇ ತರಗತಿ, ನಿಜ. ಆದರೆ ನಮ್ಮ ಮೇಷ್ಟ್ರು ಬೆತ್ತದ ತುದಿಯಿಂದ ಇಳಿಸಿದ ಮುಕ್ಕಾಲರ ಮಗ್ಗಿ ಇನ್ನೂ ಮೈಯಲ್ಲಿದೆ. ನಿನ್ನ ಆಸ್ಪತ್ರೆಯ ಡಾಕ್ಟರುಗಳಲ್ಲಿ ಯಾರಿಗಾದರೂ ಮುಕ್ಕಾಲರ ಮಗ್ಗಿ ಬರುತ್ತದೆಯೇ? ಕೇಳಿ ಬರೆ.

ಅಂಗಡಿ ಚೆನ್ನಾಗಿದೆ. ಕತ್ತರಿಸುವ ಮೇಜಿನ ಮುಂದೆ ನಾನು, ಮಿಷನ್ನಿನ ಮುಂದೆ ನನ್ನ ಬಾಮೈದ, ಕಿಟಕಿಯ ಹತ್ತಿರ ಕಾಜಾ ಅಕ್ಕ. ಗುಂಡಿ, ಕಾಜಾ, ಕೈಹೊಲಿಗೆ ಎಲ್ಲ ಆಕೆಯದೇ. ನಾನೂರು ಗಿರಾಕಿಗಳ ಅಳತೆ ನನ್ನ ತಲೆಯಲ್ಲಿದೆ. ಅಳತೆ ಪುಸ್ತಕ ಇಡುವವರು ದರ್ಜಿಗಳಲ್ಲ, ಗುಮಾಸ್ತರು.

ಹೊಸ ಸುದ್ದಿಯೊಂದಿದೆ. ಅಗ್ನಿಶಾಮಕ ದಳದ ಬ್ಯಾಂಡಿನವರಿಗೆ ನಲವತ್ತು ಕೋಟು ಹೊಲಿಯುವ ಕೆಲಸ ನಮಗೇ ಬಂದಿದೆ. ಕಡು ನೀಲಿ, ಒಳ್ಳೆ ಭಾರದ ಬಟ್ಟೆ. ಬಾಮೈದ ನಿನ್ನೆ ಮೆಲ್ಲಗೆ ಬಂದು ನಿಂತ.

"ಭಾವ, ಈ ಸಲ ಕತ್ತರಿ ನಾನು ಹಿಡೀಲಾ? ನೀವು ಆರಾಮಾಗಿ ಕೂತು ಹೇಳ್ತಾ ಇರಿ."

"ನಿನ್ನ ಮದುವೆ ಕೋಟು ಕತ್ತರಿಸಿದ್ದು ಯಾರಪ್ಪ?"

"ನೀವೇ."

"ಅದು ಇವತ್ತಿಗೂ ನಿನಗೆ ಸರಿಯಾಗಿ ಕೂರುತ್ತೆ ತಾನೇ?"

"ಇಲ್ಲ ಭಾವ, ಹೊಟ್ಟೆ ಬಂದಿದೆ."

"ಅದು ಹೊಟ್ಟೆಯ ತಪ್ಪು. ಹೋಗು, ದಾರ ಪೋಣಿಸು."

ಈ ವಾರದ ಕಸರತ್ತು ಮುಗಿಯಿತು.

ನಿನ್ನ ಚಿಕ್ಕಪ್ಪ, ವಯಸ್ಸು ಅರವತ್ತೆರಡು


ಜನವರಿ 15

ಚಿಕ್ಕಪ್ಪ,

ಪತ್ರ ಓದಿ ವಾರ್ಡಿನಲ್ಲಿ ಒಬ್ಬಳೇ ನಕ್ಕೆ. ಡಾಕ್ಟರಿಗೆ ಮುಕ್ಕಾಲರ ಮಗ್ಗಿ ಬರುವುದಿಲ್ಲವಂತೆ. ಕೇಳಿದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು.

ಆದರೆ ನಿಮ್ಮ ವಯಸ್ಸು ಎಪ್ಪತ್ತೊಂದು. ನೀವು ಮರೆತು ಹಾಗೆ ಬರೆದಿರೋ, ಬೇಕೆಂದೇ ಬರೆದಿರೋ ನನಗೆ ಗೊತ್ತಾಗುವುದಿಲ್ಲ. ಅದೇ ನನ್ನ ಕಷ್ಟ. ಹೋದ ಸಲ ನಾನು ಬಂದಾಗ ನನ್ನನ್ನು ಎರಡು ಸಲ ಅಮ್ಮನ ಹೆಸರಿನಿಂದ ಕರೆದಿರಿ. ತಮಾಷೆ ಅಂದಿರಿ. ಆಗ ನಿಮ್ಮ ಮುಖದಲ್ಲಿ ತಮಾಷೆ ಇರಲಿಲ್ಲ.

ನಾನು ದಿನಾ ನೋಡುವುದು ಇದನ್ನೇ. ನಮ್ಮ ವಾರ್ಡಿಗೆ ಬರುವವರೆಲ್ಲ ಮೊದಲು ಗಟ್ಟಿಯಾಗಿಯೇ ಇದ್ದವರು. ಒತ್ತಡ ಹೆಚ್ಚಾಗಿ, ನಿದ್ದೆ ಕೆಟ್ಟು, ಮಾತಾಡಲು ಜನವಿಲ್ಲದೆ ಇದ್ದಾಗ ತಲೆ ಬೇಗ ಮಂಕಾಗುತ್ತದೆ. ಚಿಕ್ಕಮ್ಮ ಹೋಗಿ ಆರು ವರ್ಷವಾಯಿತು. ಅಂಗಡಿ ಮುಚ್ಚಿದ ಮೇಲೆ ನೀವು ಒಬ್ಬರೇ. ಅದಕ್ಕೇ ಈ ಕಸರತ್ತು. ದಯವಿಟ್ಟು ಬಡಾಯಿ ಬಿಟ್ಟು ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ನಿದ್ದೆ ಬರುತ್ತಿದೆಯೇ? ಏಳೇಳು ಕಳೆದಿರಾ? ಎಲ್ಲಿ ತಡವರಿಸಿದಿರಿ?

ನಿಮ್ಮ ಮಗಳು


ಜನವರಿ 23

ಮಗಳೇ,

ಏಳೇಳು ಕಳೆದೆಯಾ ಅಂತ ಕೇಳುತ್ತೀಯಲ್ಲ, ತಗೋ. ನೂರು, ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಕೊನೆಗೆ ಎರಡು. ಕಾಜಾ ಅಕ್ಕ ಗಡಿಯಾರ ಹಿಡಿದು ಕೂತಿದ್ದಳು. ಮೊದಲ ದಿನ ಒಂದು ನಿಮಿಷ ಹತ್ತು ಸೆಕೆಂಡು. ನಿನ್ನೆ ಮೂವತ್ತೆಂಟು ಸೆಕೆಂಡು. ಬರೀ ಕೂತು ಕಳೆಯುವುದು ಶಾಲೆ ಮಕ್ಕಳ ಆಟವಾಯಿತು. ಈಗ ಇಸ್ತ್ರಿ ಹಾಕುತ್ತಾ, ಟೇಪು ಸುತ್ತುತ್ತಾ, ಬಟ್ಟೆ ಹಾಸುತ್ತಾ ಕಳೆಯುತ್ತೇನೆ. ಎರಡಕ್ಕೆ ಬಂದ ಕೂಡಲೇ ಮತ್ತೆ ನೂರಕ್ಕೆ ಹಾರುತ್ತೇನೆ.

ಬಾಮೈದ ಅಂದ, "ಭಾವ, ಗೊಣಗೋದು ನಿಲ್ಲಿಸಿ, ನನ್ನ ಹೊಲಿಗೆ ತಪ್ಪುತ್ತೆ."

"ತಲೆ ಇರೋನಿಗೆ ತಪ್ಪಲ್ಲ" ಅಂದೆ.

ನಿದ್ದೆಯ ವಿಷಯ ಕೇಳಿದ್ದೀಯ. ನಿದ್ದೆ ನನ್ನ ಮನೆಯ ಆಳು. ಕರೆದಾಗ ಬರುತ್ತದೆ. ಒತ್ತಡವೆಂಬುದು ಸೊಂಟಪಟ್ಟಿಯಲ್ಲಿ ಇರಬೇಕೇ ಹೊರತು ತಲೆಯಲ್ಲಿ ಅಲ್ಲ.

ಕೋಟುಗಳ ಮುಂಭಾಗ, ಬೆನ್ನು ಇವತ್ತು ಕತ್ತರಿಸಿ ಮುಗಿಸಿದೆ. ನಲವತ್ತೂ ಅಚ್ಚುಕಟ್ಟು. ನಾಳೆ ತೋಳು. ಬಾಮೈದ ಬಾಯಿ ಮುಚ್ಚಿಕೊಂಡಿದ್ದಾನೆ. ಅದನ್ನು ನೋಡುವುದೇ ಒಂದು ಔಷಧಿ.

ಚಿಕ್ಕಪ್ಪ


ಫೆಬ್ರವರಿ 12

ಮಗಳೇ,

ನಾನು ಆರೋಗ್ಯ. ಇಲ್ಲಿ ಚಳಿ ಕಡಿಮೆಯಾಗಿದೆ. ಎದುರಿನ ಬೀದಿಯಲ್ಲಿ ಚರಂಡಿ ಅಗೆಯುತ್ತಿದ್ದಾರೆ, ತುಂಬಾ ದೂಳು. ಕೆಲಸ ನಡೆಯುತ್ತಿದೆ. ಇಲಿ ಬಂದು ಎರಡು ಮೀಟರು ಬಟ್ಟೆ ಹಾಳು ಮಾಡಿತು, ದೊಡ್ಡ ವಿಷಯವಲ್ಲ.

ಕತ್ತರಿಯನ್ನು ಸಾಣೆ ಹಿಡಿಸಲು ಕೊಟ್ಟಿದ್ದೇನೆ.

ಚಿಕ್ಕಪ್ಪ


ಫೆಬ್ರವರಿ 19

ಚಿಕ್ಕಪ್ಪ,

ಎರಡು ವಾರ ಅಂಚೆಯವರನ್ನು ನೋಡಿ ನೋಡಿ ಸಾಕಾಗಿ, ಮೂರನೇ ವಾರ ಬಂದದ್ದು ಐದಾರು ಸಾಲು. ಬಡಾಯಿ ಇಲ್ಲದ ನಿಮ್ಮ ಪತ್ರ ಇದೇ ಮೊದಲು. ನಾನೇ ಬಡಾಯಿ ಬೇಡ ಅಂದಿದ್ದೆ. ಈಗ ಅದಿಲ್ಲದೆ ಭಯವಾಗುತ್ತಿದೆ.

ತೋಳಿನ ಬಗ್ಗೆ ಒಂದು ಮಾತೂ ಇಲ್ಲ. ಏಳೇಳರ ಬಗ್ಗೆಯೂ ಇಲ್ಲ. ಮೂವತ್ತು ವರ್ಷದಿಂದ ನಿಮ್ಮ ಕತ್ತರಿಯನ್ನು ನೀವೇ ಸಾಣೆ ಹಿಡಿಯುತ್ತೀರಿ, ಪರರ ಕೈಗೆ ಕೊಡುವುದಿಲ್ಲ ಅಂತ ಚಿಕ್ಕಮ್ಮ ಹೇಳಿ ನಗುತ್ತಿದ್ದರು. ನಿಮ್ಮ ಅಂಗಡಿಯಲ್ಲಿ ಇಲಿಯನ್ನು ನಾನು ಯಾವತ್ತೂ ನೋಡಿಲ್ಲ.

ಏನಾಗಿದೆ? ಸತ್ಯ ಬರೆಯಿರಿ. ಬೈಯುವುದಿಲ್ಲ.

ನಿಮ್ಮ ಮಗಳು


ಫೆಬ್ರವರಿ 27

ನರ್ಸಮ್ಮನವರಿಗೆ,

ಬೈಯುವುದಿಲ್ಲವಂತೆ! ನಾನು ಎತ್ತಿ ಆಡಿಸಿದ ಮಗು ನನ್ನನ್ನು ಬೈಯುವ ಮಟ್ಟಕ್ಕೆ ಬೆಳೆದಿದೆಯಲ್ಲ, ಸಂತೋಷ.

ಆದದ್ದು ಇಷ್ಟು. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಉಳಿದುಹೋಯಿತು. ಸುಟ್ಟಿತು. ಹನ್ನೊಂದು ಮೀಟರು ಹೋಯಿತು. ಯಾರ ಅಂಗಡಿಯಲ್ಲಿ ಸುಟ್ಟಿಲ್ಲ? ಇಷ್ಟಕ್ಕೇ ಊರೆಲ್ಲ ನನ್ನ ಹಣೆ ಮುಟ್ಟಿ ನೋಡುತ್ತಿದೆ. ಬೆಳಗ್ಗೆ ಬಾಮೈದ, "ಭಾವ, ಇವತ್ತು ಯಾವ ವಾರ ಹೇಳಿ ನೋಡೋಣ" ಅಂದ. "ನಿನಗೆ ಸಂಬಳ ಕೊಡದ ವಾರ" ಅಂದೆ. ಎದುರು ಅಂಗಡಿಯವನು ದಾರಿಯಲ್ಲಿ ನಿಲ್ಲಿಸಿ ಬಾದಾಮಿ ತಿನ್ನಿ ಅಂದ. ಅವನ ಮಗ ಹೋದ ತಿಂಗಳು ಗಾಡಿಯನ್ನು ಗೋಡೆಗೆ ಗುದ್ದಿಸಿದ. ಅವನಿಗೆ ಯಾರೂ ಬಾದಾಮಿ ಕೊಡಲಿಲ್ಲ, ಎರಡು ಏಟು ಬಿಟ್ಟರು ಅಷ್ಟೆ.

ಇದನ್ನು ಯೋಚಿಸು ಮಗಳೇ. ಮೂವತ್ತರವನು ತಪ್ಪು ಮಾಡಿದರೆ ಅವನಿಗೆ ಬೈಗುಳ. ಎಪ್ಪತ್ತರವನು ಅದೇ ತಪ್ಪು ಮಾಡಿದರೆ ಅವನಿಗೆ ಔಷಧಿ ಚೀಟಿ. ನನಗೆ ಔಷಧಿ ಚೀಟಿ ಬೇಡ. ಗಟ್ಟಿಯಾಗಿ ನಾಲ್ಕು ಬೈಗುಳ ಬೇಕು. ಬೈದರೆ ತಿರುಗಿ ಬೈಯಬಹುದು. ಮರುಕ ತೋರಿಸುವವರಿಗೆ ಏನು ಮಾಡುವುದು?

ಕಸರತ್ತು ನಿಲ್ಲಿಸಿದ್ದೇನೆ. ಕಾರಣ ಕೇಳಬೇಡ.

ಚಿಕ್ಕಪ್ಪ


ಮಾರ್ಚ್ 5

ಚಿಕ್ಕಪ್ಪ,

ಇದನ್ನು ಬರೆಯಲು ಕೂತು ಮೂರು ಹಾಳೆ ಹರಿದೆ.

ಮಾವ, ಅದೇ ನಿಮ್ಮ ಬಾಮೈದ, ನನಗೆ ಪತ್ರ ಬರೆದಿದ್ದಾರೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅಳುತ್ತಾ ಬರೆದ ಹಾಗಿದೆ. ಕತ್ತರಿ ಸಾಣೆಗೆ ಹೋಗಿಲ್ಲ, ಅವರೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ ಅಂತ ಬರೆದಿದ್ದಾರೆ. ಬಟ್ಟೆ ಹಾಳಾಗಿದೆ, ಇಲಿಯಿಂದಲೂ ಅಲ್ಲ ಬೆಂಕಿಯಿಂದಲೂ ಅಲ್ಲ, ಮಿಕ್ಕದ್ದನ್ನು ಭಾವನೇ ಹೇಳಲಿ ಅಂದಿದ್ದಾರೆ. ನನಗೆ ಎರಡು ಮೀಟರು, ಆಮೇಲೆ ಹನ್ನೊಂದು ಮೀಟರು ಅಂದಿರಿ. ಬಟ್ಟೆ ಅಂಗಡಿಯವರಿಗೆ ಇಪ್ಪತ್ತೈದು ಅಂದಿರಂತೆ. ಮಾವನ ಹತ್ತಿರ ಬಟ್ಟೆಯ ರಸೀದಿ ಇದೆ. ನಿಜವಾದ ಅಂಕಿ ನನಗೆ ಗೊತ್ತಿದೆ.

ಚಿಕ್ಕಪ್ಪ, ನಮ್ಮ ವಾರ್ಡಿನಲ್ಲಿ ಒಬ್ಬರು ಇದ್ದಾರೆ. ಬೆಳಗ್ಗೆ ಏನು ತಿಂದಿರಿ ಅಂದರೆ ಮಗಳು ತಂದ ಊಟ ಅನ್ನುತ್ತಾರೆ. ಮಧ್ಯಾಹ್ನ ಕೇಳಿದರೆ ಹೋಟೆಲಿಗೆ ಹೋಗಿದ್ದೆ ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ. ಮರೆತುಹೋದ ಜಾಗವನ್ನು ತಲೆ ತಾನೇ ಕಥೆ ಕಟ್ಟಿ ತುಂಬಿಬಿಡುತ್ತದೆ. ಅದು ಕಥೆ ಅಂತ ಅವರಿಗೇ ತಿಳಿಯುವುದಿಲ್ಲ. ನಿಮ್ಮ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಿನಿಂದ ನನಗೆ ಅವರ ಮುಖವೇ ಕಣ್ಣಮುಂದೆ.

ಮಾರ್ಚ್ 28ಕ್ಕೆ ರೈಲು ಟಿಕೆಟ್ ಮಾಡಿಸಿದ್ದೇನೆ. ವಾಪಸು ಬರಲು ಎರಡು. ನನ್ನ ಮನೆಯಲ್ಲಿ ಬೆಳಕು ಬರುವ ಕೋಣೆ ನಿಮಗೆ. ಅಂಗಡಿಯನ್ನು ಮಾವ ನೋಡಿಕೊಳ್ಳುತ್ತಾರೆ. ಬ್ಯಾಂಡಿನವರ ಕೋಟನ್ನೂ ಅವರೇ ಕತ್ತರಿಸಲಿ. ಹೊಸ ಬಟ್ಟೆ ಬಂದಿದೆಯಂತಲ್ಲ.

ಸತ್ಯ ಬರೆಯಿರಿ ಅಂತ ನಿಮಗೆ ಹೇಳಿ ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಹೋದ ವಾರ ಡ್ಯೂಟಿ ಮುಗಿಸಿ ನಾನೇ ಏಳೇಳು ಕಳೆದು ನೋಡಿದೆ. ಐವತ್ತೆಂಟಕ್ಕೆ ಬಂದು ನಿಂತುಹೋದೆ. ಮುಂದಿನದು ಬರಲೇ ಇಲ್ಲ. ಅದರ ಹಿಂದಿನ ದಿನ ಒಬ್ಬರ ಮಾತ್ರೆಯನ್ನು ಇನ್ನೊಬ್ಬರ ತಟ್ಟೆಯಲ್ಲಿ ಇಟ್ಟಿದ್ದೆ. ಕೊಡುವ ಮೊದಲು ನೋಡಿಕೊಂಡೆ. ಯಾರಿಗೂ ಹೇಳಿಲ್ಲ.

ಒಂದೇ ಪ್ರಶ್ನೆ. ಮಾವನನ್ನು ಕೇಳದೆ, ರಸೀದಿ ನೋಡದೆ ಉತ್ತರಿಸಿ. ನಿಜವಾಗಿ ಎಷ್ಟು ಹೋಯಿತು?

ನಿಮ್ಮ ಮಗಳು


ಮಾರ್ಚ್ 14

ಮಗಳೇ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ತಡವಾದದ್ದು ಮರೆತು ಅಲ್ಲ. ಕೆಲಸವಿತ್ತು. ಯಾವ ಕೆಲಸ ಅಂತ ಹೇಳುತ್ತೇನೆ.

ಮೊದಲು ಇದನ್ನು ತಿಳಿದುಕೋ. ನಾನು ಸುಳ್ಳುಗಾರ. ಹುಟ್ಟಾ ಸುಳ್ಳುಗಾರ, ಮೊದಲ ದರ್ಜೆಯವನು. ನಿನ್ನ ವಾರ್ಡಿನ ಆ ಪಾಪದ ಮನುಷ್ಯನ ಸಾಲಿನಲ್ಲಿ ನನ್ನನ್ನು ಕೂರಿಸಬೇಡ, ಅವರಿಗೂ ಅವಮಾನ ನನಗೂ ಅವಮಾನ. ಅವರಿಗೆ ಗೊತ್ತಿಲ್ಲದೆ ಕಥೆ ಹುಟ್ಟುತ್ತದೆ. ನಾನು ಕೂತು, ಯೋಚಿಸಿ, ಅಳತೆ ಹಾಕಿ ಹೊಲಿದ ಕಥೆಗಳು ನನ್ನವು. ಇಲಿಯನ್ನು ಹುಟ್ಟಿಸಿದ್ದು ಫೆಬ್ರವರಿ ಹನ್ನೆರಡಕ್ಕೆ. ನೀನು ಹೆದರಬಾರದು ಅಂತ ಎರಡು ಮೀಟರಿಗೆ ನಿಲ್ಲಿಸಿದೆ. ನಿನಗೆ ನಂಬಿಕೆ ಬರಲಿಲ್ಲ. ಹಾಗಾಗಿ ಇಪ್ಪತ್ತೇಳಕ್ಕೆ ಇಲಿಯನ್ನು ಕೊಂದು ಇಸ್ತ್ರಿ ಪೆಟ್ಟಿಗೆ ತಂದೆ, ಹನ್ನೊಂದು ಮಾಡಿದೆ. ಬಟ್ಟೆ ಅಂಗಡಿಯವನಿಗೆ ಇಪ್ಪತ್ತೈದು ಅಂದದ್ದು, ಪೂರ್ತಿ ಹೇಳಿದ್ದರೆ ಅವನು ಸಂಜೆಯೊಳಗೆ ಇಡೀ ಪೇಟೆಗೆ ಹಂಚುತ್ತಿದ್ದ ಅಂತ. ಮರೆವಿನವನು ಒಬ್ಬೊಬ್ಬರಿಗೆ ಹೇಳಿದ ಒಂದೊಂದು ಸುಳ್ಳನ್ನು ತಾರೀಖಿನ ಸಮೇತ ಇಟ್ಟುಕೊಳ್ಳಬಲ್ಲನೇ? ನಿನ್ನ ಡಾಕ್ಟರನ್ನು ಕೇಳು.

ನಿನ್ನನ್ನು ಅಮ್ಮನ ಹೆಸರಿನಿಂದ ಕರೆದೆನಲ್ಲ, ಅದೊಂದು ಮಾತ್ರ ತಮಾಷೆಯಲ್ಲ. ಬಾಗಿಲಲ್ಲಿ ನಿಂತಾಗ ನೀನು ಥೇಟ್ ಅತ್ತಿಗೆಯ ಹಾಗೆ ಕಂಡೆ. ಬಾಯಿ ತಪ್ಪಿತು. ಎರಡನೇ ಸಲವೂ ತಪ್ಪಿತು. ಅದನ್ನು ಲೆಕ್ಕಕ್ಕೆ ಹಿಡಿದುಕೊ, ಬೇಡ ಅನ್ನುವುದಿಲ್ಲ.

ಇನ್ನು ತೋಳಿನ ವಿಷಯ. ಜನವರಿ ಇಪ್ಪತ್ತನಾಲ್ಕು. ತೋಳು ಕತ್ತರಿಸುವಾಗ ಎರಡು ಪದರ ಬಟ್ಟೆಯನ್ನು ಮುಖಕ್ಕೆ ಮುಖ, ಅಂದರೆ ಹೊರಮೈಗೆ ಹೊರಮೈ, ಮಾಡಿ ಹಾಸಬೇಕು. ಆಗ ಒಂದೇ ಕತ್ತರಿಗೆ ಒಂದು ಎಡತೋಳು, ಒಂದು ಬಲತೋಳು ಬರುತ್ತವೆ. ಎರಡೂ ಪದರದ ಮುಖ ಮೇಲಕ್ಕಿದ್ದರೆ ಬರುವುದೆಲ್ಲ ಒಂದೇ ಕಡೆಯದು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕಲಿಯುವ ಪಾಠ ಇದು. ಅವತ್ತು ನಾನು ಹಿಂದಿನ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ನಿದ್ದೆ ನನ್ನ ಆಳು ಅಂದದ್ದೂ ಬಡಾಯಿಯೇ. ಬಾಮೈದನಿಗೆ ಕತ್ತರಿ ಹೋದರೆ ನಾನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ ಅನ್ನುವ ಯೋಚನೆ ಹಾಸಿಗೆಯಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತಿತ್ತು. ಆದರೂ ಅವತ್ತು ಬಟ್ಟೆ ಹಾಸುತ್ತಾ ನಿನ್ನ ಏಳೇಳು ಕಳೆಯುತ್ತಿದ್ದೆ. ಮೂವತ್ತೈದು ಸೆಕೆಂಡಿಗೆ ಇಳಿಸಬೇಕು ಅಂತ ಹಟ. ತೊಂಬತ್ತಮೂರು, ಹಾಸು. ಎಂಬತ್ತಾರು, ಗುರುತು ಹಾಕು. ಎಪ್ಪತ್ತೊಂಬತ್ತು, ಕತ್ತರಿಸು. ಲೆಕ್ಕ ಒಂದೂ ತಪ್ಪಲಿಲ್ಲ.

ಸಂಜೆ ಕಾಜಾ ಅಕ್ಕ ತೋಳು ಜೋಡಿಸಲು ಕೂತಳು. ಒಂದನ್ನು ತೆಗೆದಳು, ಇನ್ನೊಂದನ್ನು ತೆಗೆದಳು, ರಾಶಿಯನ್ನೇ ಕೆದಕಿದಳು.

"ಅಣ್ಣ, ಈ ಬ್ಯಾಂಡಿನವರಲ್ಲಿ ಯಾರಿಗೂ ಬಲಗೈ ಇಲ್ವಾ?"

"ಯಾಕಮ್ಮ?"

"ಎಂಬತ್ತು ತೋಳೂ ಎಡಗೈದೇ ಇದೆಯಲ್ಲ."

ಬಾಮೈದ ಮಿಷನ್ ನಿಲ್ಲಿಸಿದ. ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ. ಒಂದು ಲೋಟ ನೀರು ತಂದುಕೊಟ್ಟು, "ಕೂತ್ಕೊಳ್ಳಿ ಭಾವ" ಅಂದ.

ನಿನ್ನ ಕಸರತ್ತಿನಿಂದ ಹೀಗಾಯಿತು ಅಂತ ಗೊತ್ತಾದರೆ ನೀನು ಕೊರಗುತ್ತೀಯ ಅಂತ ಹೇಳಲಿಲ್ಲ. ಕಸರತ್ತಿನ ತಪ್ಪೂ ಅಲ್ಲ. ಅದನ್ನು ಕುರ್ಚಿಯಲ್ಲಿ ಕೂತು ಮಾಡು ಅಂತ ನೀನು ಹೇಳಿದ್ದೆ, ಕತ್ತರಿ ಹಿಡಿದು ಮಾಡಿದ್ದು ನಾನು. ಹೊಗಳಿಕೆಯ ಆಸೆ.

ನಿನ್ನ ಪತ್ರ ಓದಿದ ದಿನವೇ ಬಾಮೈದನ ಮುಂದೆ ಹೋಗಿ ನಿಂತೆ.

"ಬೀಗ ತೆಗಿ."

"ಭಾವ, ಬೇಡ. ಇನ್ನೊಂದ್ಸಲ ಹಾಳಾದ್ರೆ ಅಂಗಡಿ ಉಳಿಯಲ್ಲ."

"ಹೊಸ ಬಟ್ಟೆಗೆ ದುಡ್ಡು ಯಾರು ಕೊಟ್ಟದ್ದು?"

"ನೀವೇ. ಅದಕ್ಕೇ ಹೇಳ್ತಿರೋದು."

"ಹಾಗಾದ್ರೆ ಬೈಯಿ. ಜನವರಿಯಿಂದ ಬಾಕಿ ಇದೆ. ಪೂರ್ತಿ ಬೈದು ಮುಗಿಸಿ ಆಮೇಲೆ ಬೀಗ ತೆಗಿ."

ಅವನು ಶುರು ಮಾಡಿದ ನೋಡು! ಮೂವತ್ತು ವರ್ಷದ್ದು ಹೊರಗೆ ಬಂತು. ಜಂಬದ ಮುದುಕ ಅಂದ, ಅಳತೆ ಬರೆದಿಡಿ ಅಂತ ಬಾಯಿ ಬಡ್ಕೊಂಡೆ ಅಂದ, ಅಕ್ಕ ನಿಮ್ಮನ್ನ ಹೇಗೆ ಸಹಿಸಿಕೊಂಡಳೋ ಅಂದ. ಕಾಜಾ ಅಕ್ಕ ನಡುವೆ ಬಾಯಿ ಹಾಕಿ, "ಗೊಣಗೋದನ್ನೂ ಸೇರಿಸಿ ಬೈಯಿರಿ" ಅಂತ ನೆನಪಿಸಿದಳು. ನಾನೂ ಬಿಡಲಿಲ್ಲ, ಅವನ ಸೊಟ್ಟ ಜೇಬುಗಳ ಇತಿಹಾಸವನ್ನೆಲ್ಲ ಎತ್ತಿ ಆಡಿದೆ. ಮಗಳೇ, ಎಷ್ಟು ಹಾಯೆನಿಸಿತು ಗೊತ್ತೇ? ಅವತ್ತು ರಾತ್ರಿ ಮಲಗಿದವನು ಬೆಳಗ್ಗೆಯೇ ಎದ್ದೆ.

ಮರುದಿನ ಕತ್ತರಿ ನನ್ನ ಕೈಗೆ ಬಂತು. ಬಾಯಿಗೆ ಬೀಗ. ಏಳೇಳೂ ಇಲ್ಲ, ಮಗ್ಗಿಯೂ ಇಲ್ಲ. ಬಟ್ಟೆಯ ಮುಖದ ಮೇಲೆಲ್ಲ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದೆ, ಹಾಸಿದ ಮೇಲೆ ಗೆರೆ ಕಣ್ಣಿಗೆ ಬಿದ್ದರೆ ತಪ್ಪು ಅಂತ. ಪ್ರತಿ ಜೋಡಿಗೂ ಬಾಮೈದ ಬಂದು ಪದರ ಎತ್ತಿ ನೋಡಿ "ಹೂಂ" ಅನ್ನಬೇಕು. ಅವನು ಹೂಂ ಅನ್ನುವವರೆಗೆ ನಿನ್ನ ಆ ನಾಲ್ಕು ಆರರ ಉಸಿರು. ಅದು ಕೆಲಸಕ್ಕೆ ಬರುತ್ತದೆ, ಒಪ್ಪಿದೆ. ಎರಡು ದಿನದಲ್ಲಿ ಮೂವತ್ತೊಂದು ಜೋಡಿ ಕತ್ತರಿಸಿದೆ. ಮೂವತ್ತೆರಡನೆಯದಕ್ಕೆ ಕೈ ಸೋತಿತು. ಕತ್ತರಿಯನ್ನು ಬಾಮೈದನಿಗೆ ಕೊಟ್ಟು ನಾನು ಪದರ ಎತ್ತಿ ಹೂಂ ಅಂದೆ. ಕೊಟ್ಟದ್ದು ಒಂಬತ್ತು ಜೋಡಿಗೆ ಮಾತ್ರ. ಹೊಸ ಬಟ್ಟೆಯ ಮುಂಭಾಗ, ಬೆನ್ನು ಕತ್ತರಿಸಲು ಇವತ್ತು ಬೆಳಗ್ಗೆ ವಾಪಸು ಇಸಿದುಕೊಂಡಿದ್ದೇನೆ. ಕಾಜಾ ಅಕ್ಕ ಎಂಬತ್ತನ್ನೂ ಎಣಿಸಿದಳು. ನಲವತ್ತು ಎಡ, ನಲವತ್ತು ಬಲ.

ಅಳತೆ ಪುಸ್ತಕ ತಂದಿದ್ದೇನೆ. ನಾನೂರು ಜನರದ್ದನ್ನು ಬರೆಯಲು ಕೂತಾಗ ಇನ್ನೂರ ಹದಿನೇಳಕ್ಕೆ ನಿಂತಿತು. ಮಿಕ್ಕವರನ್ನು ಮತ್ತೆ ಕರೆದು ಟೇಪು ಹಿಡಿಯುತ್ತೇನೆ. ನಾಚಿಕೆ ಇಲ್ಲ. ಅವರೂ ದಪ್ಪಗಾಗಿದ್ದಾರೆ.

ನೀನು ಐವತ್ತೆಂಟಕ್ಕೆ ನಿಂತೆಯಲ್ಲ. ನಿನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ? ಯಾವ ಬೆಳಕಿನ ಕೋಣೆಗೆ? ಮಾತ್ರೆಯ ವಿಷಯ ಮುಚ್ಚಿಡಬೇಡ. ನಿನ್ನ ಮೇಲಿನವರಿಗೆ ನೀನೇ ಹೇಳು, ಬೈಸಿಕೋ, ಎರಡು ದಿನ ರಜೆ ಹಾಕಿ ಮಲಗು. ಮುಚ್ಚಿಟ್ಟವನ ಕಥೆ ಏನಾಯಿತು ಅಂತ ಮೇಲೆ ಬರೆದಿದ್ದೇನೆ.

ಇಪ್ಪತ್ತೆಂಟಕ್ಕೆ ಖಂಡಿತ ಬಾ. ವಾಪಸು ಟಿಕೆಟಿನಲ್ಲಿ ಒಂದನ್ನು ರದ್ದು ಮಾಡಿಸು. ನಾನು ಬರುವುದಿಲ್ಲ. ಮುಂದೊಂದು ದಿನ ನಿಜವಾಗಿಯೂ ತಲೆ ಕೈಕೊಟ್ಟರೆ ಬಾಮೈದ ನಿನಗೆ ಬರೆಯಲಿ, ಆಗ ನೀನು ಬಂದು ಕೈಹಿಡಿದು ಎಬ್ಬಿಸು, ಹಟ ಮಾಡುವುದಿಲ್ಲ. ಅದು ಇವತ್ತಲ್ಲ. ಇವತ್ತು ನಾನು ಕತ್ತರಿಸುವ ಮೇಜಿನ ಮುಂದೆ ನಿಂತೇ ಇದನ್ನು ಬರೆಯುತ್ತಿದ್ದೇನೆ.

ಈಗ ನಿನ್ನ ಪ್ರಶ್ನೆ. ತೋಳು ಎಂಬತ್ತು, ಅದರಲ್ಲಿ ಕೆಟ್ಟದ್ದು ನಲವತ್ತೇ. ಆದರೆ ಅದೇ ಬಟ್ಟೆ ಮತ್ತೆ ಸಿಗಲಿಲ್ಲ. ಬೇರೆ ಊರಿಂದ ಹೊಸದಾಗಿ ತರಿಸಿದ್ದರ ನೀಲಿ ಒಂದು ಎಳೆ ತಿಳಿ. ಮೈ ಒಂದು ಬಣ್ಣ, ಬಲಗೈ ಒಂದು ಬಣ್ಣ ಮಾಡಿ ಬ್ಯಾಂಡಿನವರನ್ನು ಬೀದಿಗೆ ಕಳಿಸಲಾಗುತ್ತದೆಯೇ? ಹಾಗಾಗಿ ಮುಂಭಾಗ, ಬೆನ್ನು, ತೋಳು, ಇಡೀ ನಲವತ್ತು ಕೋಟಿನ ಬಟ್ಟೆಯೂ ಹೋಯಿತು. ಬಾಮೈದ ಹೊರಗಡೆ ಚಹಾ ಕುಡಿಯುತ್ತಿದ್ದಾನೆ, ರಸೀದಿ ಅವನ ಜೇಬಿನಲ್ಲಿದೆ. ನಾನು ಯಾರನ್ನೂ ಕೇಳಿಲ್ಲ. ನಿನ್ನ ಹತ್ತಿರ ಇರುವ ಅಂಕಿಯ ಪಕ್ಕದಲ್ಲಿಟ್ಟು ನೋಡು.

ಎಪ್ಪತ್ತನಾಲ್ಕು ಮೀಟರು, ನಲವತ್ತು ಸೆಂಟಿಮೀಟರು.